ದಶಾಂಶವಿಲ್ಲದ ಸರಾಸರಿ

ಸಮಾಜಶಾಸ್ತ್ರ ಓದಲು ಬಂದವರಿಗೆ ಸಂಖ್ಯಾಶಾಸ್ತ್ರ ಎಲ್ಲಿಯ ಪೀಡೆ ಎಂದು ಚಿತ್ರದುರ್ಗದ ನಮ್ಮ ಎಂ.ಎ. ತರಗತಿಯೇ ಗೊಣಗುತ್ತಿತ್ತು. ಬೋರ್ಡಿನ ಮೇಲೆ ಸೂತ್ರ ಕಂಡರೆ ನಾನು ಕಿಟಕಿಯಾಚೆ ನೋಡುತ್ತಿದ್ದೆ, ದಶಾಂಶದ ಚುಕ್ಕಿ ಕಂಡರೆ ಪುಸ್ತಕ ಮುಚ್ಚಿಡುತ್ತಿದ್ದೆ. ಆ ಪತ್ರಿಕೆಯಲ್ಲಿ ಒಮ್ಮೆ ಫೇಲಾಗಿದ್ದೆ. ಕೊನೆಯ ಸೆಮಿಸ್ಟರಿನ ಸಮೀಕ್ಷೆಯೂ ಕೈಕೊಟ್ಟರೆ ಡಿಗ್ರಿ ಇಲ್ಲ.

ಹಿರೇಗುಂಟನೂರಿನಲ್ಲಿ ಕುರಿ ಸಾಕುವ ಇಪ್ಪತ್ತು ಮನೆಗಳಿಗೆ ಹೋಗಿ, ಮನೆಗೆಷ್ಟು ಕುರಿ ಎಂದು ಕೇಳಿ, ಸರಾಸರಿಯನ್ನೂ, ಮನೆಮನೆಯ ಲೆಕ್ಕ ಅದರಿಂದ ಎಷ್ಟು ದೂರ ಎಂದು ಹೇಳುವ ವಿಚಲನೆಯನ್ನೂ ತೆಗೆಯಬೇಕಿತ್ತು. ಮೊದಲ ಮನೆಯ ಅಜ್ಜಿ ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. ಕುರಿ ಎಷ್ಟು ಎಂದು ಕೇಳಿದೆ.

"ಕುರಿ ಎಣಿಸಬಾರ್ದವ್ವ, ದೃಷ್ಟಿ ಆಗ್ತೈತೆ. ಒಂದು ಕಮ್ಮಿ ಆದ್ರೂ ಮುಖ ನೋಡಿದ್ರೆ ನಮಗೆ ಗೊತ್ತಾಗ್ತೈತೆ."

ಆಮೇಲೆ ಕುರಿ ಕೂಡುವ ರೊಪ್ಪಕ್ಕೆ ಕರೆದೊಯ್ದು ಒಂದೊಂದು ಕುರಿಯನ್ನೂ ಮುಟ್ಟಿ ಅದರ ಕಥೆ ಹೇಳಿದಳು. ಕಿವಿ ಹರಿದ ಒಂದು ಕುರಿ ತಾಯಿಯಿಲ್ಲದೆ ಅವಳ ಮಡಿಲಲ್ಲೇ ಬೆಳೆದದ್ದಂತೆ. ನಾನೇ ಮನಸ್ಸಿನಲ್ಲಿ ಎಣಿಸಿಕೊಳ್ಳಬಹುದಿತ್ತು. ಅದನ್ನೂ ಮಾಡದೆ, ಫಾರಂ ಖಾಲಿ ಉಳಿಯಿತಲ್ಲ ಎಂದು ಚಡಪಡಿಸುತ್ತಿದ್ದೆ.

ಉಳಿದ ಹತ್ತೊಂಬತ್ತು ಮನೆಗಳ ಬಾಗಿಲನ್ನು ತಟ್ಟಲೇ ಇಲ್ಲ. ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತು ಇಪ್ಪತ್ತೂ ಫಾರಂ ನಾನೇ ತುಂಬಿದೆ. ಹತ್ತು ಮನೆಗೆ ತಲಾ ಮೂವತ್ತು ಕುರಿ, ಹತ್ತು ಮನೆಗೆ ತಲಾ ಐವತ್ತು. ಸರಾಸರಿ ನಲವತ್ತು, ವಿಚಲನೆ ಹತ್ತು, ಎಲ್ಲೂ ಚುಕ್ಕಿಯಿಲ್ಲ. ಇಂಥ ಊರು ಭೂಮಿಯ ಮೇಲೆ ಇರಲು ಸಾಧ್ಯವೇ ಎಂದು ಯಾರಾದರೂ ಕೇಳಬೇಕಿತ್ತು. ನಮ್ಮ ಮೇಷ್ಟ್ರು ಕೇಳಲಿಲ್ಲ. ಲೆಕ್ಕ ಕಂಡರೆ ಅವರೂ ನನ್ನಷ್ಟೇ ಪುಕ್ಕಲು ಎಂದು ಅವತ್ತು ಗೊತ್ತಾಯಿತು.

"ನೋಡ್ರಿ, ಲೆಕ್ಕ ಅಂದ್ರೆ ಹಿಂಗೆ ಚೊಕ್ಕಟ ಇರ್ಬೇಕು," ಎಂದು ನನ್ನ ವರದಿಯನ್ನು ತರಗತಿಗೆಲ್ಲ ಎತ್ತಿ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರ ಮೇಲೂ ನನ್ನ ಮೇಲೂ ಹೇಸಿಗೆಯಾಯಿತು. ಆದರೂ ಎದ್ದು ನಿಂತು ಥ್ಯಾಂಕ್ಸ್ ಹೇಳಿದೆ.

ಫಲಿತಾಂಶ ಬಂದ ವಾರ ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಅದೇ ಅಜ್ಜಿ ಸಿಕ್ಕಳು. ಗುರುತು ಹಿಡಿದು, ಪಾಸಾದೆಯಾ ಎಂದು ಕೇಳಿ ಖುಷಿಪಟ್ಟಳು.

"ಆ ಕಿವಿ ಹರ್ದಿದ್ ಕುರಿ ಬಗ್ಗೆನೂ ಬರ್ದಿದೀಯೇನವ್ವ?"

ಬರೆದಿದ್ದೇನೆ ಅಜ್ಜಿ ಎಂದೆ.

"ಮೊನ್ನೆ ಸತ್ತೋಯ್ತು. ನಿನ್ ಪುಸ್ತಕದಾಗಾದ್ರೂ ಐತಲ್ಲ, ಬಿಡು," ಎಂದು ನನ್ನ ತಲೆ ಸವರಿದಳು.

ಅವಳ ಮನೆಯನ್ನು ಮೂವತ್ತರ ಗುಂಪಿಗೆ ಹಾಕಿದ್ದೆನೋ ಐವತ್ತರದ್ದಕ್ಕೋ, ನನಗೆ ಅದೂ ನೆನಪಿರಲಿಲ್ಲ.