ಮಾಡಿದ್ದಿಲ್ಲೆ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಅಂಥವಳಿಗೆ ಸಿಕ್ಕಿದ್ದು ಮಾತ್ರ ತಾಳ್ಮೆಯ ಕೆಲಸ. ಬಾಲನ್ಯಾಯ ಮಂಡಳಿಯಲ್ಲಿ ಕೇಸಿರುವ ಮಕ್ಕಳ ಜೊತೆ ಕೂತು ಮಾತಾಡುವ ಆಪ್ತಸಮಾಲೋಚಕಿ ನಾನು. ಮನೆ ತೀರ್ಥಹಳ್ಳಿಯಲ್ಲಿ. ವಾರದಲ್ಲೊಂದು ದಿನ ಹುಂಚದ ಮೇಲೆ ಹೋಗುವ ಬಸ್ಸು ಹಿಡಿದು ಹೊಸನಗರಕ್ಕೆ ಹೋಗುತ್ತೇನೆ, ಇನ್ನೊಂದು ದಿನ ಸಾಗರಕ್ಕೆ. ಮಗು ತಪ್ಪು ಮಾಡಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಅದಕ್ಕೆ ಮಂಡಳಿ ಇದೆ, ವಕೀಲರಿದ್ದಾರೆ. ತೀರ್ಮಾನ ಬರುವ ತನಕ ಮಗುವಿನ ಜೀವ ಉಳಿದಿರಬೇಕು, ಅದನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದದ್ದು.

ಈ ಹುಡುಗಿ ನನ್ನ ಹತ್ತಿರ ಬಂದಾಗ ಪಿಯುಸಿ ಓದುತ್ತಿದ್ದಳು. ಹೊಸನಗರದ ಕಡೆಯ ಒಂದು ಹವ್ಯಕರ ಮನೆಯ ಮಗಳು, ಸಾಗರದಲ್ಲಿ ಹಾಸ್ಟೆಲಿನಲ್ಲಿದ್ದಳು. ಹೆಸರು ಹೇಳುವಂತಿಲ್ಲ, ಹೇಳುವುದೂ ಇಲ್ಲ. ಅವಳ ಸಹಪಾಠಿಯೊಬ್ಬಳ ಫೋಟೋವನ್ನು ಯಾರೋ ಅಸಹ್ಯವಾಗಿ ತಿದ್ದಿ, ಸುಳ್ಳು ಖಾತೆ ತೆರೆದು ಊರಿಗೆಲ್ಲ ಹಂಚಿದ್ದರು. ಆ ಸಹಪಾಠಿ ಮುಖ ತೋರಿಸಲಾರದೆ ಕಾಲೇಜು ಬಿಟ್ಟಳು. ಅವಳ ಸಂಕಟ ಸುಳ್ಳಲ್ಲ, ಅದನ್ನು ನಾನು ಯಾವತ್ತೂ ಮರೆತಿಲ್ಲ. ಫೋಟೋ ಹೊರಟಿದ್ದು ನಮ್ಮ ಹುಡುಗಿಯ ಫೋನಿನಿಂದ. ಆ ಫೋನನ್ನು ಕೋಣೆಯಲ್ಲಿದ್ದವರೆಲ್ಲ ಬಳಸುತ್ತಿದ್ದರು. ಆದರೂ ಯಾರೂ ಇನ್ನೊಬ್ಬರ ಕಡೆ ತಿರುಗಿ ನೋಡಲಿಲ್ಲ, ಯಾಕೆಂದರೆ ಇವಳೇ ಒಪ್ಪಿಕೊಂಡಿದ್ದಳಂತೆ.

ಹಾಗೆಂದವರು ಹಾಸ್ಟೆಲಿನ ವಾರ್ಡನ್. ಬಯಲುಸೀಮೆಯ ಹೆಂಗಸು, ಆ ವರ್ಷವಷ್ಟೇ ಇಲ್ಲಿಗೆ ಬಂದಿದ್ದವರು. ಫೋನಿನಲ್ಲಿ ನನಗೂ ಹೇಳಿದರು: “ರೂಮಿನಲ್ಲೇ ನಿಲ್ಲಿಸಿ ಕೇಳ್ದೆ ಮೇಡಂ. ಎಲ್ಲಿ ಕೂತು ಮಾಡಿದ್ದು ಹೇಳು ಅಂದೆ. ‘ನಾ ಮಾಡಿದ್ದು ಇಲ್ಲೇ’ ಅಂತ ಅಳ್ತಾ ಅಂದ್ಲು. ನನ್ನ ಕಿವಿಯಾರೆ ಕೇಳಿದೀನಿ. ಆಮೇಲೆ ನಾಲ್ಕು ಜನ ಸೇರಿದ ಮೇಲೆ ಮಾಡಿಲ್ಲ ಅಂತ ರಾಗ ಬದಲಾಯಿಸಿದ್ಲು.” ಅವರ ದನಿಯಲ್ಲಿ ಸುಳ್ಳಿರಲಿಲ್ಲ. ಬೇಸರವಿತ್ತು.

ಮಂಡಳಿ ಅವಳನ್ನು ತಂದೆತಾಯಿಯ ಜೊತೆ ಮನೆಗೆ ಕಳಿಸಿ, ವಾರಕ್ಕೊಮ್ಮೆ ನನ್ನ ಹತ್ತಿರ ಬರಬೇಕೆಂದು ಹೇಳಿತ್ತು. ಬಂದಳು, ಕೂತಳು, ಎದ್ದು ಹೋದಳು. ಒಂದು ಮಾತಿಲ್ಲ. ಅವಳ ತಾಯಿ ಮಾತ್ರ ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದರು. “ಬಡಿಸಿದ್ದು ತಟ್ಟೇಲೇ ಇರ್ತದೆ, ನನ್ನ ಹತ್ರನೂ ಮಾತಿಲ್ಲ. ಒಬ್ಳನ್ನೇ ಬಿಡೋಕೆ ಭಯ ಆಗ್ತದೆ ಮೇಡಂ. ಕೈ ಹಿಡ್ಕೊಂಡೇ ಮಲಗ್ತೀನಿ.” ಮನೋವೈದ್ಯರಿಗೆ ತೋರಿಸೋಣ ಎಂದು ತಂದೆಗೆ ಹೇಳಿದರೆ, “ಬಂದ ಹೆಸರು ಸಾಲ್ದಾ? ಹುಚ್ಚಿ ಅಂತ ಬೇರೆ ಅನ್ನಿಸ್ಕೊಳ್ಬೇಕಾ?” ಎಂದರು. ಅವಳ ವಕೀಲರದು ಇನ್ನೊಂದು ಚಿಂತೆ. ಮುಂದಿನ ವಾರ ಮಂಡಳಿಯವರು ಅವಳನ್ನೇ ಕೇಳುವವರಿದ್ದರು. ಆಗಲೂ ಬಾಯಿ ಬಿಡದಿದ್ದರೆ ವಾರ್ಡನ್ ಮಾತೇ ನಿಲ್ಲುತ್ತದೆ ಎಂದರು. ನನಗೆ ಮಂಡಳಿಗಿಂತ ಅಲ್ಲಿಯ ತನಕದ ದಿನಗಳದೇ ಭಯ.

ಹೊಸನಗರದಲ್ಲಿ ನನಗೆ ಕೊಟ್ಟಿದ್ದು ಒಂದು ಆಫೀಸಿನ ಹಿಂದಿನ ಕೋಣೆ. ಕಾಲು ಮುರಿದ ಕುರ್ಚಿಗಳನ್ನು ಒಂದು ಮೂಲೆಗೆ ಒಟ್ಟಿದ್ದರು. ಆ ದಿನ ಕಿಟಕಿಯಿಂದ ನೋಡುತ್ತಿದ್ದೆ. ತಂದೆ ಮುಂದೆ ಮುಂದೆ, ಮಗಳು ಮಾರು ದೂರ ಹಿಂದೆ. ಯಾರಾದರೂ ನೋಡಿದರೆ ಬೇರೆ ಬೇರೆ ಕೆಲಸಕ್ಕೆ ಬಂದವರು ಅನ್ನಬೇಕು, ಹಾಗೆ. ಅವರು ಹೊರಗಿನ ಬೆಂಚಿನ ಮೇಲೆ ಕೂತರು. ಅವಳು ಒಳಗೆ ಬಂದು ಕೂತಳು.

ಕಳೆದ ಸಲಕ್ಕಿಂತ ಇಳಿದುಹೋಗಿದ್ದಳು. ಬಳೆ ಮೊಣಕೈ ತನಕ ಜಾರುತ್ತಿತ್ತು. ಸಾಯಬೇಕು ಅನ್ನಿಸುತ್ತದಾ ಎಂದು ನೇರವಾಗಿಯೇ ಕೇಳಿದೆ. ಅದನ್ನು ಸುತ್ತಿ ಬಳಸಿ ಕೇಳಬಾರದು. ಜಾರಿದ ಬಳೆಯನ್ನು ಮೇಲಕ್ಕೆ ಸರಿಸಿಕೊಂಡಳು. ನಿದ್ದೆ ಬರುತ್ತದಾ ಎಂದೆ. ಕಿಟಕಿಯ ಕಡೆ ತಿರುಗಿದಳು. ಕಲಿತ ಪ್ರಶ್ನೆಗಳೆಲ್ಲ ಖಾಲಿಯಾಗಿ ನನ್ನ ಮೇಲೆ ನನಗೇ ರೇಗಿತು. ಹೊಟ್ಟೆ ಬೇರೆ ಹಸಿದಿತ್ತು. ಚೀಲದಿಂದ ಬುತ್ತಿ ತೆಗೆದು ಮೇಜಿನ ಮೇಲಿಟ್ಟು, ಮನೆಗೆ ಬಂದವರನ್ನು ಕೇಳುವ ಹಾಗೆ ಕೇಳಿದೆ.

“ಊಟ ಮಾಡಿದ್ಯಾ?”

“ಮಾಡಿದ್ದಿಲ್ಲೆ.”

ಅವಳ ಮೊದಲ ಮಾತು ಅದು. ಸಂತೋಷವಾಯಿತು, ಮರುಕ್ಷಣವೇ ವಾರ್ಡನ್ ಫೋನಿನಲ್ಲಿ ಹೇಳಿದ್ದು ನೆನಪಾಯಿತು.

ನಾನು ಮೇಳಿಗೆ ಕಡೆಯ ಗೌಡರ ಮನೆಯಲ್ಲಿ ಹುಟ್ಟಿದವಳು. ತೀರ್ಥಹಳ್ಳಿಯ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಹವ್ಯಕರವಳು. ಎಲ್ಲರೆದುರು ನಮ್ಮ ಹಾಗೇ ಮಾತಾಡುತ್ತಿದ್ದಳು, ಹೆದರಿದಾಗ ಮಾತ್ರ ಮನೆಯ ಹವ್ಯಕ ಮಾತು ಬಾಯಿಗೆ ಬಂದುಬಿಡುತ್ತಿತ್ತು. ಲೆಕ್ಕ ಮಾಡಿದ್ಯಾ ಎಂದು ಮೇಷ್ಟ್ರು ಗದರಿದರೆ, “ಮಾಡಿದ್ದಿಲ್ಲೆ ಸಾರ್” ಎನ್ನುವಳು. ಮಾಡಿಲ್ಲ ಎಂದು ಅದರ ಅರ್ಥ. ನಾವು ಹಿಂದಿನಿಂದ, “ಮಾಡಿದ್ದು ಇಲ್ಲೇ? ಎಲ್ಲೇ? ತೋರ್ಸೇ” ಎಂದು ರೇಗಿಸುತ್ತಿದ್ದೆವು. ಅವಳೂ ನಗುತ್ತಿದ್ದಳು.

ಬುತ್ತಿಯ ಮುಚ್ಚಳ ನನ್ನ ಕೈಯಲ್ಲೇ ಇತ್ತು. “ವಾರ್ಡನ್ ಕೇಳಿದಾಗ ಏನಂದೆ? ಅವತ್ತು ಹೇಗೆ ಹೇಳಿದ್ಯೋ ಹಾಗೇ ಹೇಳು,” ಎಂದೆ.

ಅವಳು ಮೊದಲ ಸಲ ನನ್ನ ಮುಖ ನೋಡಿದಳು. “ನಾ ಮಾಡಿದ್ದಿಲ್ಲೆ.”

“ಅಂದ್ರೆ ಮಾಡಿಲ್ಲ ಅಂತ.”

“ಮತ್ತೆಂತ?” ಎಂದಳು ಸಿಡುಕಿ. ಆ ಸಿಡುಕು ಕೇಳಿ ನನಗೆ ಹೋದ ಜೀವ ಬಂದಂತಾಯಿತು. “ಹೆದರಿಕೇಲಿ ಮನೆ ಮಾತು ಬಂದ್ಬಿಡ್ತು. ಆಮೇಲೆ ಮಾಡಿಲ್ಲ ಅಂತ ಸರಿಯಾಗೇ ಹೇಳ್ದೆ. ಮಾತು ಬದಲಾಯಿಸ್ತೀಯಾ ಅಂದ್ರು. ನಾ ಎಂತ ಹೇಳಿದ್ರೂ ಅವ್ರಿಗೆ ಬೇರೆದೇ ಕೇಳ್ಸೋದಾದ್ರೆ ಹೇಳೋದು ಎಂತಕ್ಕೆ?”

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಕಣ್ಣಿಗೆ ಅಷ್ಟು ಎಚ್ಚರಿಕೆ ಹೇಳಿದ ಹಿರಿಯರು ಕಿವಿಯನ್ನು ಮರೆತೇಬಿಟ್ಟರು. ಆಗಲೇ ಸಾಗರದ ಬಸ್ಸು ಹತ್ತಿ ಆ ವಾರ್ಡನ್ ಎದುರು ನಿಲ್ಲಬೇಕು ಅನ್ನುವಷ್ಟು ಕೋಪ ಬಂತು. ತಡೆದುಕೊಂಡೆ. ಅವಳು ಮಾಡಿಲ್ಲ ಎಂದು ನನಗೆ ಗೊತ್ತಿರಲಿಲ್ಲ, ಅದು ಮಂಡಳಿಗೆ ಸೇರಿದ್ದು. ಅವಳು ಒಪ್ಪಿಕೊಂಡಿರಲಿಲ್ಲ ಎಂಬುದಷ್ಟೇ ನನಗೆ ಗೊತ್ತಾಗಿದ್ದು. ಅವಳ ಒಪ್ಪಿಗೆ ಪಡೆದೇ ವಕೀಲರಿಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಕೇಳಿ, “ಇದನ್ನ ಅವಳೇ ಮಂಡಳಿ ಮುಂದೆ ಹೇಳ್ಬೇಕು. ಹೇಳ್ತಾಳಾ?” ಎಂದರು.

ಅದನ್ನೇ ಕೇಳಿದಾಗ ಅವಳು ತಲೆಯಾಡಿಸಿದಳು, ಇಲ್ಲವೆಂದು. “ಅಪ್ಪಯ್ಯನೇ ನಂಬ್ಲಿಲ್ಲ. ಇನ್ಯಾರು ನಂಬ್ತಾರೆ?”

“ಅಪ್ಪಯ್ಯನ್ನ ಒಳಗೆ ಕರೀಲಾ?”

ಬಾಗಿಲ ಕಡೆ ಬಹಳ ಹೊತ್ತು ನೋಡಿದಳು. ಆಮೇಲೆ ಹೂಂ ಎಂದಳು.

ಹೊರಗೆ ಅವರು ಎರಡು ಕೈಯಲ್ಲೂ ಕೊಡೆ ಊರಿಕೊಂಡು ಕೂತಿದ್ದರು. ಒಳಗೆ ಬಂದು ಮಗಳನ್ನು ಒಂದು ಮಾತು ಕೇಳಿ ಎಂದೆ. “ಕೇಳೋದೆಂತ ಇದೆ ಮೇಡಂ? ಅವಳೇ ಒಪ್ಪಿದಾಳೆ ಅಂತ ವಾರ್ಡನ್ನೋರು ಅಷ್ಟು ಜನರೆದುರು ಹೇಳಿದ್ರು. ನಾ ತಲೆ ತಗ್ಗಿಸ್ಕೊಂಡು ಬಂದೆ.” ನಡೆದದ್ದನ್ನು ನಾನೇ ವಿವರಿಸಬಹುದಿತ್ತು. ಆದರೆ ನಾನು ಹೇಳಿದರೆ ಅದು ಇನ್ನೊಬ್ಬ ಮೇಡಂ ಹೇಳಿದ ಮಾತಾಗುತ್ತಿತ್ತು. “ನಿಮ್ಮ ಮನೆ ಮಾತಲ್ಲೇ ಕೇಳಿ,” ಎಂದಷ್ಟೇ ಹೇಳಿದೆ.

ಬಂದು ಕೂತರು. ಗೋಡೆ ನೋಡಿದರು, ಮುರಿದ ಕುರ್ಚಿಗಳನ್ನು ನೋಡಿದರು, ಮಗಳನ್ನು ಬಿಟ್ಟು ಎಲ್ಲವನ್ನೂ ನೋಡಿದರು. ಅವಳು ಬಳೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತಿದ್ದಳು. ಹೊರಗೆ ಬಸ್ಸಿನ ಹಾರನ್ ಕೇಳಿತು. “ನಮ್ಮ ಬಸ್ಸಿನ ಹೊತ್ತಾಯ್ತು” ಎಂದು ಅವರು ಅರ್ಧ ಎದ್ದರು. ನನ್ನ ಬಾಯಿಗೆ ಬಂದದ್ದನ್ನು ಹೇಗೆ ನುಂಗಿಕೊಂಡೆನೋ ನನಗೇ ಗೊತ್ತು. ಅವರು ಈಗ ಬಾಗಿಲು ದಾಟಿದರೆ ಈ ಹುಡುಗಿಯನ್ನು ಉಳಿಸಿಕೊಳ್ಳುವುದು ನನ್ನಿಂದಾಗದು ಅನ್ನಿಸಿತು.

ಎದ್ದವರು ಹಾಗೇ ಕೂತರು. ನೆಲ ನೋಡುತ್ತಾ ಕೇಳಿದರು.

“ಕೂಸೆ, ನೀ ಮಾಡಿದ್ಯಾ?”

“ಮಾಡಿದ್ದಿಲ್ಲೆ.”

ಅವರು ತಲೆ ಎತ್ತಿದರು. ತುಟಿ ಅಲುಗಿತು, ಆ ಮಾತನ್ನು ಒಳಗೇ ಇನ್ನೊಮ್ಮೆ ಹೇಳಿಕೊಂಡರೆಂದು ಕಾಣುತ್ತದೆ. “ಅವ್ರ ಹತ್ರನೂ ಹೀಂಗೇ ಹೇಳಿದ್ಯಾ?”

“ಹೀಂಗೇ ಹೇಳಿದ್ದು.”

ನಾನು ಏನನ್ನೂ ವಿವರಿಸಬೇಕಾಗಲಿಲ್ಲ. ಅವರ ಮುಖವೇ ಇಳಿದುಹೋಯಿತು. ಕೊಡೆ ಜಾರಿ ನೆಲಕ್ಕೆ ಬಿದ್ದದ್ದನ್ನು ಇಬ್ಬರೂ ಎತ್ತಲಿಲ್ಲ. “ಮತ್ತೆ ನನ್ನ ಹತ್ರ ಎಂತಕ್ಕೆ ಹೇಳಿದ್ದಿಲ್ಲೆ?” ಎಂದರು.

“ಅಪ್ಪಯ್ಯ, ಕೇಳಿದ್ದಿಲ್ಲೆ.”

ಮುಂದಿನ ವಾರ ಅವಳು ಮಂಡಳಿಯ ಮುಂದೆ ಮಾತಾಡಿದಳು, ಮೊದಲು ಮನೆಯ ಮಾತಿನಲ್ಲಿ, ಆಮೇಲೆ ಎಲ್ಲರ ಮಾತಿನಲ್ಲಿ. ತಂದೆ ಪಕ್ಕದಲ್ಲೇ ಕೂತಿದ್ದರು. ಕೇಸು ಇನ್ನೂ ಮುಗಿದಿಲ್ಲ. ಮನೋವೈದ್ಯರ ಹತ್ತಿರ ಹೋಗಿ ಬರುತ್ತಿದ್ದಾಳೆ, ಊಟ ಮಾಡುತ್ತಾಳೆ, ನನ್ನ ಮೇಲೆ ಸಿಡುಕುತ್ತಾಳೆ.

ಅಪ್ಪಯ್ಯನಿಗೆ ಅವಳು ಹೇಳಿದ ಆ ‘ಕೇಳಿದ್ದಿಲ್ಲೆ’ ನನ್ನನ್ನು ಬಿಟ್ಟಿಲ್ಲ. ಮನೆಯ ಮಾತನ್ನು ತಪ್ಪಾಗಿ ಕೇಳಿಸಿಕೊಳ್ಳಲಾರದವರು ಅವಳ ಪಾಲಿಗೆ ಮನೆಯವರಷ್ಟೇ, ಆದರೆ ತಂದೆಯೇ ಅಷ್ಟು ದಿನ ಬಾಯಿಬಿಟ್ಟು ಕೇಳಿರಲೇ ಇಲ್ಲ. ಅವಳು ಹೇಳಿದ್ದೂ ಅದನ್ನೇ. ವಾರ್ಡನ್ ಕಿವಿಗೆ ಬಿದ್ದಿದ್ದರೆ ಅದು ‘ಕೇಳಿದ್ದು ಇಲ್ಲೇ’ ಎಂದಾಗುತ್ತಿತ್ತು; ತಂದೆ ಕಡೆಗೂ ಕೇಳಿದ್ದು ಈ ಮುರಿದ ಕುರ್ಚಿಗಳ ಕೋಣೆಯಲ್ಲೇ. ಆ ಒಂದು ಸಲ ಎರಡು ಅರ್ಥವೂ ನಿಜವಾಗಿತ್ತು.