ಮನೆ ಬಿಟ್ಟು ತುರುವೇಕೆರೆ ಕೇಳಿದ ಮಿಷನ್ನು

ಲಕ್ಷ್ಮಯ್ಯನವರ ಬೀಳ್ಕೊಡುಗೆಗೆ ಶಾಲು ತರುವುದೋ ಗಡಿಯಾರ ತರುವುದೋ ಎಂದು ಕೇಳುವ ಗುಟ್ಟಿನ ಇ-ಮೇಲನ್ನು ಕಂಪ್ಯೂಟರು ನೋಡಿಕೊಳ್ಳುವ ಬಿಂದುಶ್ರೀ ಕಚೇರಿಯವರಿಗೆಲ್ಲ ಕಳಿಸಿದ್ದು ಒಂದು ಶುಕ್ರವಾರ. ಎಲ್ಲರಿಗಿಂತ ಮೊದಲು, ಎಲ್ಲರಿಗೂ ಕಾಣುವಂತೆ, ಉತ್ತರ ಕೊಟ್ಟವರು ಲಕ್ಷ್ಮಯ್ಯನವರೇ. ರಿಟೈರಾದವನಿಗೆ ಟೈಮ್ ಯಾಕಮ್ಮ, ಶಾಲಿಗಿಂತ ಮಂಕಿ ಟೋಪಿ ವಾಸಿ ಎಂದು ಬರೆದಿದ್ದರು.

ಮೇಲ್ ಹೋಗುವವರ ಗುಂಪಿನಿಂದ ಅವರ ಹೆಸರನ್ನು ಬಿಂದುಶ್ರೀ ಹಿಂದಿನ ದಿನವೇ ಕೈಯಾರೆ ತೆಗೆದಿದ್ದಳು. ತಿಪಟೂರಿನ ಆ ಕೊಬ್ಬರಿಪುಡಿ ಕಾರ್ಖಾನೆಯ ಯಜಮಾನರು ಸದಾಶಿವಯ್ಯನವರು ಸುದ್ದಿ ಕೇಳಿ ನಗಲಿಲ್ಲ.

"ಇವತ್ತು ಟೋಪಿ ವಿಷ್ಯ ಹೋಯ್ತು. ನಾಳೆ ನಮ್ಮ ರೇಟು ಕೆಲ್ಸ ಬಿಟ್ಟೋರಿಗೆಲ್ಲ ಹೋದ್ರೆ ಟೋಪಿ ನಮ್ಗೇ ಕಣಮ್ಮ."

ಮುಂದಿನ ಶುಕ್ರವಾರದೊಳಗೆ ಸರಿಯಾಗದಿದ್ದರೆ ಕಂಪ್ಯೂಟರುಗಳನ್ನು ಬೆಂಗಳೂರಿನವರಿಗೆ ವಹಿಸಿ, ಅವಳನ್ನು ಮತ್ತೆ ಬಿಲ್ಲು ಬರೆಯಲು ಕೂರಿಸುವುದೆಂದು ತೀರ್ಮಾನವಾಯಿತು.

ಬಿಂದುಶ್ರೀ ಶೆಟ್ಟಿಕೆರೆ ಪಕ್ಕದ, ಕುರಿ ಸಾಕುವವರ ಹಟ್ಟಿಯ ಹುಡುಗಿ. ಟೈಪಿಂಗ್ ಕಲಿಯಲು ಬಸ್ಸು ಹತ್ತಿ ಬಂದವಳು ಕಂಪ್ಯೂಟರಿಗೆ ಅಂಟಿಕೊಂಡಿದ್ದಳು. ಬಿಲ್ಲಿನ ಕುರ್ಚಿಯಿಂದ ಈ ಕುರ್ಚಿಗೆ ಬರಲು ಪಟ್ಟ ಪಾಡನ್ನು ನೆನೆದರೆ ವಾಪಸು ಹೋಗುವ ಮಾತೇ ಬೇಡವೆನಿಸುತ್ತಿತ್ತು.

ಮೇಲ್ ಮಿಷನ್ನಿಗೆ ಸ್ವಂತ ಬುದ್ಧಿ ಕಡಿಮೆ. ಯಾರು ಯಾವ ಗುಂಪಿನಲ್ಲಿದ್ದಾರೆಂದು ಅದು ಹೆಸರಿನ ಪಟ್ಟಿಗಳಿರುವ ಡೈರೆಕ್ಟರಿ ಮಿಷನ್ನನ್ನೇ ಕೇಳಬೇಕು. ಅಂಥವು ಎರಡಿದ್ದವು: ಒಂದು ಅದರ ಪಕ್ಕದ ಮೇಜಿನ ಮೇಲೆ, ಇನ್ನೊಂದು ತುರುವೇಕೆರೆ ಶಾಖೆಯಲ್ಲಿ. ಸಣ್ಣ ಪ್ರಶ್ನೆಗಷ್ಟೇ ಸಾಲುವಂತೆ ಲೈನು ಹದಗೆಟ್ಟು, ಇಲ್ಲಿನ ತಿದ್ದುಪಡಿಗಳು ಅಲ್ಲಿಗೆ ತಲುಪಿ ಎಷ್ಟೋ ದಿನವಾಗಿತ್ತು. ಅಲ್ಲಿ ಲಕ್ಷ್ಮಯ್ಯನವರು ಇನ್ನೂ ಗುಂಪಿನಲ್ಲೇ ಇದ್ದರು. ಬಿಂದುಶ್ರೀ ಮೇಲ್ ಮಿಷನ್ನಿನ ಸೆಟ್ಟಿಂಗು ತೆಗೆದು ನೋಡಿದರೆ ಅದು ಪಕ್ಕದಲ್ಲೇ ಇದ್ದ ಮನೆಯ ಡೈರೆಕ್ಟರಿ ಬಿಟ್ಟು ಡೈರೆಕ್ಟಾಗಿ ತುರುವೇಕೆರೆಯನ್ನು ವಿಚಾರಿಸುತ್ತಿತ್ತು. ಅವಳು ಆ ಮಿಷನ್ನನ್ನು ಆರಿಸಿ ಮತ್ತೆ ಹಾಕಿದಳು. ಸಾಧುವಿನಂತೆ ಮನೆಯದನ್ನೇ ಕೇಳತೊಡಗಿತು. ವಾರವೆಲ್ಲ ಹಾಗೇ ಇತ್ತು. ಶುಕ್ರವಾರ ಮತ್ತೆ ತುರುವೇಕೆರೆ ಎಂದರೆ ಕುರ್ಚಿ ಹೋದಂತೆಯೇ.

ಆ ಶುಕ್ರವಾರ ಅವಳು ಮೊದಲ ಬಸ್ಸಿಗೇ ಬಂದಳು. ಅಟೆಂಡರ್ ಗಿಡ್ಡಯ್ಯ ವಾರದ ಪೂಜೆಗೆಂದು ಮಿಷನ್ನುಗಳನ್ನೆಲ್ಲ ಆರಿಸಿ, ಒರೆಸಿ, ಕುಂಕುಮ ಇಡುತ್ತಿದ್ದ. ಊದುಬತ್ತಿ ಬೆಳಗಿ ಮೊದಲು ಹಾಕಿದ್ದು ಮೇಲ್ ಮಿಷನ್ನನ್ನು. ಅದೇ ಯಾಕೆ ಮೊದಲು ಎಂದು ಅವಳು ಕೇಳಿದಳು.

"ಯಜಮಾನ್ರ ಕಾಗ್ದ ಬರೋ ಮಿಷನ್ನು ಕಣವ್ವ. ದೊಡ್ಡೋರ್ನ ಮೊದ್ಲು ಎಬ್ಬಿಸ್ಬ್ಯಾಡ್ವಾ?"

ದೊಡ್ಡೋರು ಎದ್ದು ಪಕ್ಕಕ್ಕೆ ನೋಡಿದರೆ ಮನೆಯ ಡೈರೆಕ್ಟರಿ ಇನ್ನೂ ಮಲಗಿತ್ತು. ದನಿ ಕೊಟ್ಟದ್ದು ತುರುವೇಕೆರೆ; ಹೋದ ಶುಕ್ರವಾರವೂ ಹೀಗೇ ಆಗಿರಬೇಕು. ಮೊದಲು ಕೂಗಿದವರ ಹಿಂದೆ ಹೋಗುವ ಕುರಿಮರಿಯನ್ನು ಹಟ್ಟಿಯಲ್ಲಿ ಬೆಳೆದವಳಿಗೆ ಯಾರೂ ತೋರಿಸಿಕೊಡಬೇಕಿರಲಿಲ್ಲ. ಪೂಜೆ ತಪ್ಪಿಸಬೇಡಿ, ಸರದಿ ಮಾತ್ರ ಬದಲಿಸಿ ಎಂದು ಅವಳು ಕೇಳಿಕೊಂಡಳು. ಗಿಡ್ಡಯ್ಯ ಎರಡನ್ನೂ ಆರಿಸಿ ಡೈರೆಕ್ಟರಿಗೆ ಇನ್ನೊಂದು ಊದುಬತ್ತಿ ಹಚ್ಚಿದ. ಅದು ಪೂರ್ತಿ ಎದ್ದ ಮೇಲೆ ಮೇಲ್ ಮಿಷನ್ನನ್ನು ಹಾಕಿದರು.

ಟೋಪಿಯ ಬಣ್ಣ ಯಾವುದಿರಲಿ ಎಂದು ಬಿಂದುಶ್ರೀ ಗುಂಪಿಗೆ ಮತ್ತೊಂದು ಮೇಲ್ ಬಿಟ್ಟಳು. ಮಧ್ಯಾಹ್ನದವರೆಗೂ ಕಾದ ಲಕ್ಷ್ಮಯ್ಯನವರು ಎದ್ದು ಬಂದು, ನನ್ನ ಟೋಪಿ ವಿಷಯ ಮರೆತೇಬಿಟ್ಟಿರಾ, ಒಂದು ಮೇಲೂ ಬರಲಿಲ್ಲವಲ್ಲ ಎಂದು ಮುಖ ಚಿಕ್ಕದು ಮಾಡಿದರು. ಅವಳ ಮುಖ ಅರಳಿತು.

ಸದಾಶಿವಯ್ಯನವರು ತುರುವೇಕೆರೆ ಲೈನು ಸರಿಮಾಡಿಸಲು ಒಪ್ಪಿದರು. ಎರಡೂ ಕಡೆಯ ಕಂಪ್ಯೂಟರು ಇನ್ನು ಅವಳದೇ ಎಂದರು. ಆಮೇಲೆ, ದೊಡ್ಡ ಖರ್ಚಿಗೆ ಎದೆ ಗಟ್ಟಿ ಮಾಡಿಕೊಂಡವರಂತೆ ಕೇಳಿದರು:

"ಇದು ಮತ್ತೆ ಆಗ್ದಂಗೆ ಬೆಂಗ್ಳೂರಿಂದ ಏನೇನು ತರಿಸ್ಬೇಕು, ಹೇಳಮ್ಮ."

"ಏನೂ ಬ್ಯಾಡ ಸಾರ್," ಎಂದಳು ಬಿಂದುಶ್ರೀ. "ಎರಡು ಸ್ವಿಚ್ಚಿನ ಮಧ್ಯೆ ಗಿಡ್ಡಯ್ಯನೋರ್ಗೆ ಒಂದು ಕಾಫಿ."