ದನದ ಪಾಲಿನ ತೌಡು

ಮೊನ್ನೆ ಸಕಲೇಶಪುರದ ಬೇಕರಿಯಿಂದ ಸೊಸೆ ಒಂದು ಬಿಸ್ಕತ್ತಿನ ಪೊಟ್ಟಣ ತಂದಳು. ಒಡೆದ ಕೂಡಲೇ ಹುರಿದ ತೌಡಿನ ವಾಸನೆ! ಮೇಲೆ ‘ಅಕ್ಕಿ ತೌಡು, ಆರೋಗ್ಯದ ಗುಟ್ಟು’ ಎಂದು ಅಚ್ಚು ಹಾಕಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಈ ಗುಟ್ಟು ಮೊದಲೇ ಗೊತ್ತಿದ್ದ ಒಬ್ಬಳನ್ನು ನಾವು ಕೆಲಸದಿಂದ ಓಡಿಸಿದ್ದೆವು.

ತೊಂಬತ್ತರ ದಶಕದ ಕೊನೆ. ದೋಣಿಗಲ್ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕಪತ್ರ ಬರೆಯುವ ರೈಟರ್. ಕೂಲಿ ಲೈನಿನ ಮನೆಗಳ ಹೆಂಗಸರು ಕಾಫಿ ಕೊಯ್ಯಲು ಹೋದಾಗ ಅವರ ಮಕ್ಕಳನ್ನು ಬಿಡಲು ಒಂದು ಕೂಸಿನ ಮನೆ ಇತ್ತು. ನೋಡಿಕೊಳ್ಳಲು ಒಬ್ಬಳು ಆಯಮ್ಮ. ಓದು ಬರಹ ಇಲ್ಲದ, ಮಾತು ಕಮ್ಮಿಯ ಹೆಂಗಸು. ಎಸ್ಟೇಟಿನಿಂದ ಮಕ್ಕಳಿಗೆ ಸಿಗುತ್ತಿದ್ದುದು ಎರಡೆರಡು ಸಲ ಪಾಲೀಶ್ ಮಾಡಿದ ಬಿಳಿ ಅಕ್ಕಿಯ ಅನ್ನ, ನೀರು ಸಾರು. ಅರ್ಧ ಮಕ್ಕಳಿಗೆ ತುಟಿಯಂಚು ಒಡೆದು ಹುಣ್ಣು... ತೌಡು ಮಾತ್ರ ಮೂಟೆಗಟ್ಟಲೆ ಸಾಹುಕಾರರ ಬಂಗಲೆಯ ಹಸುಗಳಿಗೆ!

ಆಯಮ್ಮ ದನ ನೋಡುವವನನ್ನು ಕಾಡಿ, ಮಿಲ್ಲಿನಿಂದ ಬಂದ ದಿನವೇ ಎರಡು ಸೇರು ತೌಡು ಇಸಕೊಳ್ಳುತ್ತಿದ್ದಳು. ಜರಡಿ ಹಿಡಿದು, ಕಮಟು ಹಿಡಿಯುವ ಮೊದಲೇ ಬಾಣಲೆಯಲ್ಲಿ ಹುರಿದು, ಬೆಲ್ಲ ಹಾಕಿ ಉಂಡೆ ಕಟ್ಟುತ್ತಿದ್ದಳು.

“ಅಕ್ಕಿ ಸತ್ವ ಎಲ್ಲಾ ಇದ್ರಲ್ಲೇ ಐತೆ ಕಣ್ರೀ. ನಾವು ಬರೀ ಬಿಳುಪು ತಿಂತೀವಿ ಅಷ್ಟೇಯ,” ಎನ್ನುತ್ತಿದ್ದಳು.

ಎರಡು ತಿಂಗಳಲ್ಲಿ ಹುಣ್ಣು ಮಾಯ್ದವು. ಮೂಲೆ ಹಿಡಿದು ಕೂರುತ್ತಿದ್ದ ಕೂಸುಗಳು ಅಂಗಳಕ್ಕಿಳಿದವು.

ಒಂದು ದಿನ ಬಂಗಲೆಗೆ ಬಂದ ನೆಂಟರೊಬ್ಬರು ಇದನ್ನು ಕಂಡು ನಕ್ಕರಂತೆ. ಅಷ್ಟೇ ಸಾಕಾಯಿತು. “ದನದ ತೌಡು ಮಕ್ಕಳಿಗೆ ತಿನ್ನಿಸಿ ನನ್ನ ಮರ್ಯಾದೆ ತೆಗೆದ್ಬುಟ್ಲು! ಇವತ್ತೇ ಕಳಿಸ್ರೀ ಅವಳನ್ನ,” ಎಂದು ಸಾಹುಕಾರರು ಕೂಗಾಡಿದರು. ಮಕ್ಕಳ ಬಾಯಿಹುಣ್ಣಿಗೆ ಹೋಗದ ಮರ್ಯಾದೆ ತೌಡಿಗೆ ಹೋಯಿತಂತೆ! ಎಂಥ ಮರ್ಯಾದೆಯೋ ಅದು. ನೋಟೀಸು ಬರೆದವನು ನಾನು.

ಹೆಬ್ಬೆಟ್ಟು ಒತ್ತುವ ಮೊದಲು ಆಯಮ್ಮ ಕೇಳಿದಳು, “ಏನಂತ ಬರ್ದಿದೀರಿ ರೈಟ್ರೇ?”

“ಮಕ್ಕಳಿಗೆ ದನದ ತೌಡು ತಿನ್ನಿಸಿದ್ದಕ್ಕೆ ಅಂತ...”

ಅವಳು ನನ್ನ ಮುಖವನ್ನೇ ನೋಡಿದಳು. “ನೀವೂ ದಿನಾ ಬಂದು ಎರಡುಂಡೆ ತಿಂತಿದ್ರಲ್ಲ. ಅದ್ನೂ ಬರೀರಿ.”

ನಾನು ಬರೆಯಲಿಲ್ಲ. ಮುಂದಿನ ಮಳೆಗಾಲ ಬರುವಷ್ಟರಲ್ಲಿ ಮಕ್ಕಳ ತುಟಿ ಮತ್ತೆ ಒಡೆದಿತ್ತು. ಹೊಂಗಡಹಳ್ಳದ ಕಡೆ ಕೂಲಿಗೆ ಹೋದ ಆಯಮ್ಮ ಅಲ್ಲೇ ತೀರಿಕೊಂಡಳೆಂದು ಎಷ್ಟೋ ವರ್ಷದ ಮೇಲೆ ಕೇಳಿದೆ... ಕ್ಷಮೆ ಕೇಳೋಣವೆಂದರೂ ಈಗ ಅವಳಿಲ್ಲ.

ಸಾಹುಕಾರರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಅವರು ಆ ಉಂಡೆ ತಿಂದಿರಲಿಲ್ಲ. ನಾನು ತಿಂದಿದ್ದೆ.